ನೀರಿನಂಚಿನ ಗದ್ದೆಗೆ ಬಂಡಿದಾರಿ

ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿಗೆ ಸೇರಿದ ಕೊತ್ತತ್ತಿಯ ಕಡೆಯಲ್ಲಿ ನೀರಿನಂಚಿನ ಗದ್ದೆಗೆ ಬೆಲೆ ಹೆಚ್ಚು. ಆದರೆ ಹಿಂದೆ ಕೆರೆಯೋ ನಾಲೆಯೋ, ಮುಂದೆ ನೆರೆಯವನ ಜಮೀನೋ ಇದ್ದು ದಾರಿಯಿಲ್ಲದಿದ್ದರೆ, ಕಟಾವಾದ ಕಬ್ಬು ಗದ್ದೆಯಲ್ಲಿಯೇ ಒಣಗಿ ತೂಕ ಕಳೆದುಕೊಳ್ಳುವುದು.

ಇಂತಹ ಹಿಡುವಳಿದಾರರು ಮೊದಲು ಗ್ರಾಮ ನಕ್ಷೆಯನ್ನು ನೋಡತಕ್ಕದ್ದು. ಅದರಲ್ಲಿ ಕಂಡ ಸಾರ್ವಜನಿಕ ದಾರಿ ಒತ್ತುವರಿಯಾಗಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಡಬಹುದು. ನಕ್ಷೆಯಲ್ಲಿ ದಾರಿಯಿಲ್ಲದಿದ್ದಲ್ಲಿ 1882ನೆಯ ಇಸವಿಯ ಈಸ್‌ಮೆಂಟ್ ಕಾಯಿದೆಯನ್ನು ಆಶ್ರಯಿಸಬೇಕು. ಒಂದೇ ಹಿಡುವಳಿಯು ವಿಭಾಗದಿಂದಲೋ ಕ್ರಯದಿಂದಲೋ ಒಡೆದು, ಒಂದು ಭಾಗಕ್ಕೆ ದಾರಿಯೇ ಇಲ್ಲವಾದರೆ, ಇನ್ನೊಂದು ಭಾಗದ ಮೇಲೆ ಅವಶ್ಯಕತೆಯ ದಾರಿಯುಂಟು. ಬೇರೆ ದಾರಿ ದೊರೆತರೆ ಆ ಹಕ್ಕು ಮುಗಿಯುವುದು. ಹಕ್ಕೆಂದು ಬಹಿರಂಗವಾಗಿ, ಶಾಂತಿಯಿಂದ, ತಡೆಯಿಲ್ಲದೆ 20 ವರ್ಷ ಬಳಸಿದ ದಾರಿಯೂ ಹಕ್ಕಾಗುವುದು. ಯಾರಾದರೂ ತಡೆದರೆ ಸುಮ್ಮನಿರದೆ ಸಿವಿಲ್ ನ್ಯಾಯಾಲಯದಲ್ಲಿ ಬೇಗನೆ ದಾವೆ ಹೂಡತಕ್ಕದ್ದು.

ಆದರೆ ನೆರೆಯವನ ಅನುಮತಿಯಿಂದ ನಡೆದ ದಾರಿ ಎಷ್ಟು ವರ್ಷವಾದರೂ ಹಕ್ಕಾಗದು. ಅವನ ಮಕ್ಕಳ ಕಾಲದಲ್ಲಿ ಅಲ್ಲಿ ಬೇಲಿ ಏಳಬಹುದು. ಆದುದರಿಂದ ಸ್ನೇಹವಿರುವಾಗಲೇ ತಕ್ಕ ಬೆಲೆ ಕೊಟ್ಟು, ದಾರಿಯ ಉದ್ದಗಲಗಳನ್ನೂ ಸರ್ವೆ ನಂಬರುಗಳನ್ನೂ ಕಾಣಿಸಿ, ಪತ್ರವನ್ನು ನೋಂದಾಯಿಸಿಕೊಳ್ಳುವುದು ಲೇಸು. ವಿಭಾಗಕ್ಕೆ ಕೂರುವ ಗ್ರಾಮದ ಮುಖಂಡರು ಪಾಲುಪತ್ರದಲ್ಲಿಯೇ ಬಂಡಿದಾರಿಯನ್ನು ಬರೆಯಿಸಿದರೆ ಎಷ್ಟೋ ವ್ಯಾಜ್ಯಗಳು ಹುಟ್ಟಲಾರವು.