ಬೆನ್ನಿನ ನೀರು, ಬಾಲ ಕದಿಯುವ ಕಳ್ಳ

"ಬೆನ್ನಾಗಿನ ನೀರು ತಗದ್ರ ಹುಡುಗನ ಕಾಲು ಹೋಗ್ತಾವಂತ, ಖರೇ ಏನ್ರೀ?" ಕೊಟ್ಟೂರಿನ ಓದುಗರೊಬ್ಬರ ಪ್ರಶ್ನೆ. ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಈ ಮಾತನ್ನು ಬಸ್ಸಿನಲ್ಲೂ ಕೇಳಿದ್ದೇನೆ, ಆಸ್ಪತ್ರೆಯ ಮೆಟ್ಟಿಲ ಮೇಲೂ ಕೇಳಿದ್ದೇನೆ. ಖರೇ ಅಲ್ಲರೀ.

ಬೆನ್ನುಹುರಿ ಬೆನ್ನಿನ ತುದಿವರೆಗೆ ಇಳಿಯುವುದೇ ಇಲ್ಲ. ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಕುದುರೆ ಬಾಲದ ಹಾಗೆ ನರದ ಎಳೆಗಳು ನೀರಿನಲ್ಲಿ ತೇಲುತ್ತಿರುತ್ತವೆ. ಸೂಜಿ ಇಳಿಯುವುದು ಅಲ್ಲಿಗೆ. ತಾಗಿದರೂ ಎಳೆಗಳು ಸಾಮಾನ್ಯವಾಗಿ ಪಕ್ಕಕ್ಕೆ ಸರಿಯುತ್ತವೆ. ಜರ್ಮನಿಯ ಹೈನ್ರಿಖ್ ಕ್ವಿಂಕೆ 1891ರಲ್ಲೇ ತೋರಿಸಿಕೊಟ್ಟ ದಾರಿ ಇದು. ನೀರು ಬತ್ತುವ ಭಯವೂ ಬೇಡ. ದೊಡ್ಡವರಲ್ಲಿ ಒಂದು ಹೊತ್ತಿಗೆ ಇರುವುದು ಸುಮಾರು 150 ಮಿಲಿಲೀಟರ್, ದಿನಕ್ಕೆ ಹೊಸದಾಗಿ ಊರುವುದು 500ರಷ್ಟು! ಮಗುವಿನಿಂದ ತೆಗೆಯುವುದು ಒಂದು ಟೀ ಚಮಚಕ್ಕೂ ಕಡಿಮೆ. ಕಿವಿಯನ್ನೋ ಕಾಲನ್ನೋ ಕಸಿಯುವುದು ಮಿದುಳು ಪೊರೆಯ ಜ್ವರವೆಂಬ ರೋಗ. ಅಪವಾದ ಮಾತ್ರ ಸೂಜಿಯ ತಲೆಗೆ. ಮಿದುಳಿನ ಒತ್ತಡ ಮಿತಿಮೀರಿದ್ದರೆ ವೈದ್ಯರೇ ಸೂಜಿಯನ್ನು ಮುಂದೂಡುತ್ತಾರೆ.

ಆ ಚಮಚ ನೀರಿಗೆ ವೈದ್ಯರು ಯಾಕಿಷ್ಟು ಹಟ ಹಿಡಿಯುತ್ತಾರೆ? ಒಳಗೆ ಹೊಕ್ಕ ಕಳ್ಳ ಯಾರೆಂದು ತಿಳಿಯಲು. ಮಿದುಳು ಪೊರೆಯ ಜ್ವರ ತರುವ ಮಾಮೂಲಿ ಕಳ್ಳರು ನ್ಯುಮೋಕಾಕಸ್ ಮತ್ತು ಹಿಬ್ ಎಂಬ ಬ್ಯಾಕ್ಟೀರಿಯಾಗಳು. ಎರಡಕ್ಕೂ ಸರ್ಕಾರಿ ಲಸಿಕೆ ಇದೆ. ಆದರೆ ನಿನ್ನೆವರೆಗೆ ಚೆಂದ ಆಡಿಕೊಂಡಿದ್ದ ಮಗುವಿನ ನೀರಿನಲ್ಲಿ, ಬಲು ಅಪರೂಪಕ್ಕೆ, ಲಿಸ್ಟೀರಿಯಾ ಸಿಕ್ಕಿಬಿಡುತ್ತದೆ. ಸಾಮಾನ್ಯವಾಗಿ ಹಸುಗೂಸು, ಬಸುರಿ, ಮುದುಕರನ್ನು ಹುಡುಕುವ ಜೀವಿ ಇದು.

ಇದರ ಪೋಕರಿತನ ನೋಡಿ. ಮಣ್ಣಿನಲ್ಲಿ, ಹಸಿ ಹಾಲಿನಲ್ಲಿ, ಫ್ರಿಜ್ಜಿನ 4 ಡಿಗ್ರಿ ತಂಪಿನಲ್ಲೂ ಬೆಳೆಯಬಲ್ಲದು. ಹೊರಗಿನ ಹದವಾದ ತಂಪಿನಲ್ಲಿ ತನ್ನದೇ ಹುಟ್ಟು ಹಾಕಿಕೊಂಡು ಪಲ್ಟಿ ಹೊಡೆಯುತ್ತ ಈಜುತ್ತದೆ. ನಮ್ಮ ಮೈಯ ಬಿಸಿ ತಾಗಿತೋ, ಹುಟ್ಟುಗಳನ್ನು ಕೈಬಿಡುತ್ತದೆ. ಯಾಕೆಂದರೆ ಒಳಗೆ ಪುಕ್ಕಟೆ ಸವಾರಿ ಇದೆ! ನಮ್ಮ ಜೀವಕೋಶದ ಆಕ್ಟಿನ್ ಎಂಬ ಪ್ರೋಟೀನನ್ನೇ ಕದ್ದು ಹಿಂದೆ ಧೂಮಕೇತುವಿನ ಬಾಲ ಕಟ್ಟಿಕೊಂಡು, ಅದು ಬೆಳೆದಂತೆ ಮುಂದಕ್ಕೆ ನೂಕಿಸಿಕೊಂಡು, ಪಕ್ಕದ ಕೋಶಕ್ಕೆ ನುಗ್ಗುತ್ತದೆ. ಹೊರಗೆ ಕಾವಲಿರುವ ಪ್ರತಿಕಾಯಗಳಿಗೆ ಸುಳಿವೇ ಇಲ್ಲ.

ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಕುರಿಗಾಹಿಗಳಿಗೆ ಗೋಣು ವಾಲಿಸಿ ಗಿರಗಿರ ಸುತ್ತುವ ಕುರಿ ಹೊಸದಲ್ಲ. ಕೆಲವೊಮ್ಮೆ ಅದರ ಮಿದುಳಿನಲ್ಲೂ ಕೂತಿರುವುದು ಇದೇ ಲಿಸ್ಟೀರಿಯಾ. (ಕೆಲವೊಮ್ಮೆ ಲಾಡಿಹುಳುವಿನ ಮರಿ.) ಕುರಿಗೆ ಗಾಳಿ ಬಡಿದಿಲ್ಲ, ಫಿಟ್ಸ್ ಬಂದ ಮಗುವಿಗೂ ಬಡಿದಿಲ್ಲ. ಮಗುವಿನ ಹೊಟ್ಟೆಗೆ ಬರೆ ಹಾಕಿಸಿದವರನ್ನು ಕಂಡರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಹೊರಡಬೇಕಾದ ಹೊತ್ತು ಅದು.

ಮಿದುಳು ಪೊರೆಯ ಜ್ವರಕ್ಕೆ ಮೊದಲು ಕೊಡುವ ಔಷಧ ಸೆಫ್ಟ್ರಿಯಾಕ್ಸೋನ್ ಲಿಸ್ಟೀರಿಯಾದ ಕೂದಲನ್ನೂ ಕೊಂಕಿಸದು. ಅದಕ್ಕೆ ಹಳೆಯ ಆಂಪಿಸಿಲಿನ್ನೇ ಬೇಕು. ಬೆನ್ನಿನ ನೀರನ್ನು ಪ್ರಯೋಗಾಲಯದಲ್ಲಿ ಒಂದೆರಡು ದಿನ ಇಟ್ಟು ಬೆಳೆಸಿದರೆ ಅದು ಮುಖ ತೋರಿಸುತ್ತದೆ. ಚಿಕಿತ್ಸೆ ಅಲ್ಲಿವರೆಗೆ ಕಾಯುವುದಿಲ್ಲ, ಮೊದಲೇ ಶುರುವಾಗಿರುತ್ತದೆ.