ಭಯವೇ ಬಂಡವಾಳ: 17 ಕೋಟಿ ದಾಟಿದ ‘ರೆಸಿಡೆಂಟ್ ಈವಿಲ್’ ಮಾರಾಟದ ಕಥೆ

ಮೊದಲ ಲೆಕ್ಕಪತ್ರದಲ್ಲಿ ಗುರಿ ತಪ್ಪಿದ ಸರಕೊಂದು ಕೆಲವೇ ವರ್ಷಗಳ ಬಳಿಕ ಅದೇ ಕಂಪನಿಯ ಅತಿ ಹೆಚ್ಚು ಮಾರಾಟವಾದ ಸರಕುಗಳ ಸಾಲಿಗೆ ಸೇರುವುದುಂಟೆ? ವಿಡಿಯೋ ಗೇಮ್ ಉದ್ಯಮದಲ್ಲಿ ಉಂಟು. ಜಪಾನಿನ ಒಸಾಕಾ ನಗರದ ಕ್ಯಾಪ್‌ಕಾಮ್ ಕಂಪನಿಯ ‘ರೆಸಿಡೆಂಟ್ ಈವಿಲ್’ ಸರಣಿಯೇ ಇದಕ್ಕೆ ಸಾಕ್ಷಿ. 1996ರಲ್ಲಿ ಆರಂಭವಾದ ಈ ಭಯಾನಕ ಆಟಗಳ ಸರಣಿ 2025ರ ವೇಳೆಗೆ ಒಟ್ಟು 17 ಕೋಟಿಗೂ ಹೆಚ್ಚು ಪ್ರತಿಗಳ ಮಾರಾಟ ಕಂಡಿದೆ. ಕಂಪನಿಯ ಬೇರಾವ ಸರಣಿಯೂ ಈ ಎತ್ತರವನ್ನು ಮುಟ್ಟಿಲ್ಲ.

ಆದರೆ ಈ ದೊಡ್ಡ ಮೊತ್ತದ ಹಿಂದೆ ನೇರವಾದ ಏರುಗತಿಯೇನೂ ಇಲ್ಲ. ಸರಣಿ ಎರಡು ಬಾರಿ ಮುಗ್ಗರಿಸಿದೆ, ಎರಡು ಬಾರಿ ಎದ್ದು ನಿಂತಿದೆ. ಒಮ್ಮೆ ಯಂತ್ರದ ಆಯ್ಕೆಯಲ್ಲಿ ಎಡವಿದರೆ, ಮತ್ತೊಮ್ಮೆ ತನ್ನ ಮೂಲಗುಣವಾದ ಭಯವನ್ನೇ ಮರೆತು ಎಡವಿತು. ಅಂಕಿ-ಅಂಶಗಳನ್ನು ಕ್ರಮವಾಗಿ ಓದಿದರೆ ಈ ಎರಡೂ ಪಾಠಗಳು ಸ್ಪಷ್ಟವಾಗುತ್ತವೆ.

ಪಾಳುಬಂಗಲೆಯಿಂದ ಆರಂಭ

1989ರಲ್ಲಿ ಕ್ಯಾಪ್‌ಕಾಮ್ ‘ಸ್ವೀಟ್ ಹೋಮ್’ ಎಂಬ ಆಟವನ್ನು ಜಪಾನಿನಲ್ಲಿ ಹೊರತಂದಿತ್ತು. ಭೂತಬಂಗಲೆಯೊಂದರಲ್ಲಿ ಸಿಕ್ಕಿಬಿದ್ದವರ ಕಥೆಯದು. ಅದನ್ನು ನಿರ್ದೇಶಿಸಿದ್ದ ತೊಕುರೊ ಫುಜಿವಾರಾ ಅವರು ಅದೇ ಜಾಡಿನಲ್ಲಿ ಹೊಸ ಆಟವೊಂದನ್ನು ರೂಪಿಸುವ ಹೊಣೆಯನ್ನು ಶಿಂಜಿ ಮಿಕಾಮಿ ಅವರಿಗೆ ವಹಿಸಿದರು. ಅದರ ಫಲವೇ 1996ರ ಮಾರ್ಚ್ 22ರಂದು ಸೋನಿಯ ಪ್ಲೇಸ್ಟೇಷನ್ ಯಂತ್ರಕ್ಕಾಗಿ ಜಪಾನಿನಲ್ಲಿ ಬಿಡುಗಡೆಯಾದ ‘ಬಯೋಹಜಾರ್ಡ್’. ಆ ಹೆಸರಿಗೆ ಅಮೆರಿಕದಲ್ಲಿ ಟ್ರೇಡ್‌ಮಾರ್ಕ್ ಅಡ್ಡಿ ಇದ್ದುದರಿಂದ ಹೊರದೇಶಗಳಲ್ಲಿ ಆಟಕ್ಕೆ ‘ರೆಸಿಡೆಂಟ್ ಈವಿಲ್’ ಎಂದು ನಾಮಕರಣವಾಯಿತು.

ಬಂಗಲೆಯ ತುಂಬ ನಡೆದಾಡುವ ಹೆಣಗಳು, ಕೈಯಲ್ಲಿ ಎಣಿಸಿದಷ್ಟೇ ಗುಂಡುಗಳು, ಮುಂದಿನ ತಿರುವಿನಲ್ಲಿ ಏನಿದೆಯೆಂದು ತೋರಿಸದ ಕ್ಯಾಮೆರಾ ಕೋನಗಳು. ಆಡುವವನು ಹೊಡೆದಾಡುವುದಕ್ಕಿಂತ ಹೆಚ್ಚಾಗಿ ಬದುಕುಳಿಯಲು ಹೆಣಗಬೇಕಿತ್ತು. ‘ಸರ್ವೈವಲ್ ಹಾರರ್’ ಎಂಬ ಪ್ರಕಾರದ ಹೆಸರು ಜನಪ್ರಿಯವಾದದ್ದೇ ಈ ಆಟದಿಂದ. ಮೊದಲ ಆವೃತ್ತಿ 27.5 ಲಕ್ಷ ಪ್ರತಿ ಮಾರಾಟವಾಯಿತು.

ಎರಡನೆಯ ಆಟದ ನಿರ್ದೇಶನ ಹಿಡೆಕಿ ಕಾಮಿಯಾ ಅವರ ಪಾಲಿಗೆ ಬಂತು. ಬಹುಪಾಲು ಸಿದ್ಧವಾಗಿದ್ದ ಆಟ ಮನಸ್ಸಿಗೆ ಒಪ್ಪದೆ, ಅದನ್ನು ಬದಿಗಿಟ್ಟು ಮತ್ತೆ ಮೊದಲಿನಿಂದ ಕಟ್ಟಲಾಯಿತು. ಈ ಸಾಹಸ ವ್ಯರ್ಥವಾಗಲಿಲ್ಲ. 1998ರಲ್ಲಿ ಬಂದ ಆ ಆಟ ಪ್ಲೇಸ್ಟೇಷನ್‌ನಲ್ಲಿ 49.6 ಲಕ್ಷ ಪ್ರತಿಗಳವರೆಗೆ ಹೋಯಿತು. 1999ರ ಮೂರನೆಯ ಆಟ 35 ಲಕ್ಷ ಮುಟ್ಟಿತು.

ಯಂತ್ರ ಬದಲಾಯಿತು, ಮಾರಾಟ ಇಳಿಯಿತು

2001ರಲ್ಲಿ ಕ್ಯಾಪ್‌ಕಾಮ್ ಅಚ್ಚರಿಯ ನಿರ್ಧಾರವೊಂದನ್ನು ಪ್ರಕಟಿಸಿತು. ಸರಣಿಯ ಮುಖ್ಯ ಆಟಗಳನ್ನು ನಿಂಟೆಂಡೊ ಕಂಪನಿಯ ಗೇಮ್‌ಕ್ಯೂಬ್ ಯಂತ್ರಕ್ಕೆ ಮಾತ್ರ ಮೀಸಲಿಡುವುದು ಅದರ ತಿರುಳು. 2002ರಲ್ಲಿ ಮೊದಲ ಆಟದ ಮರುಸೃಷ್ಟಿ ಹಾಗೂ ‘ರೆಸಿಡೆಂಟ್ ಈವಿಲ್ ಝೀರೋ’ ಈ ಯಂತ್ರಕ್ಕೆ ಬಂದವು. ಮರುಸೃಷ್ಟಿಗೆ ವಿಮರ್ಶಕರ ಮೆಚ್ಚುಗೆ ಧಾರಾಳವಾಗಿ ದೊರೆಯಿತು. ಮಾರಾಟ ಮಾತ್ರ 13.5 ಲಕ್ಷಕ್ಕೆ ನಿಂತಿತು. ‘ಝೀರೋ’ 12.5 ಲಕ್ಷ ಕಂಡಿತು.

ಕಾರಣ ಸರಳ. ಗೇಮ್‌ಕ್ಯೂಬ್ ಯಂತ್ರ ಜಗತ್ತಿನಾದ್ಯಂತ ಮಾರಾಟವಾದದ್ದು ಸುಮಾರು 2.17 ಕೋಟಿ ಮಾತ್ರ. ಅದರ ಎದುರಾಳಿ ಪ್ಲೇಸ್ಟೇಷನ್ 2 ತನ್ನ ಆಯುಷ್ಯದಲ್ಲಿ 15 ಕೋಟಿಯನ್ನೂ ಮೀರಿತು. ಊರಿನ ದೊಡ್ಡ ಸಂತೆಯನ್ನು ಬಿಟ್ಟು ಓಣಿಯಲ್ಲಿ ಅಂಗಡಿ ತೆರೆದರೆ ಸರಕು ಎಷ್ಟೇ ಉತ್ತಮವಾಗಿದ್ದರೂ ಗಿರಾಕಿಗಳ ಸಂಖ್ಯೆಗೆ ಮಿತಿ ಇದ್ದೇ ಇರುತ್ತದೆ.

2005ರ ಜನವರಿಯಲ್ಲಿ ಮಿಕಾಮಿ ಅವರೇ ನಿರ್ದೇಶಿಸಿದ ನಾಲ್ಕನೆಯ ಆಟ ಬಂತು. ಕ್ಯಾಮೆರಾವನ್ನು ನಾಯಕನ ಭುಜದ ಹಿಂದಕ್ಕೆ ತಂದು ನಿಲ್ಲಿಸಿದ ಈ ಆಟ ಮುಂದೆ ಇಡೀ ಉದ್ಯಮಕ್ಕೇ ಮಾದರಿಯಾಯಿತು. ಇದೂ ಗೇಮ್‌ಕ್ಯೂಬ್‌ಗೆ ಮೀಸಲೆಂದು ಮೊದಲು ಹೇಳಲಾಗಿತ್ತು. ಆದರೆ ಬಿಡುಗಡೆಗೆ ಮುನ್ನವೇ ಪ್ಲೇಸ್ಟೇಷನ್ 2 ಆವೃತ್ತಿಯೂ ಬರಲಿದೆಯೆಂದು ಕಂಪನಿ ಪ್ರಕಟಿಸಿತು. ಗೇಮ್‌ಕ್ಯೂಬ್‌ನಲ್ಲಿ 16 ಲಕ್ಷ ಮಾರಾಟವಾದ ಆಟ, ಅದೇ ವರ್ಷದ ಕೊನೆಗೆ ತಡವಾಗಿ ಬಂದರೂ ಪ್ಲೇಸ್ಟೇಷನ್ 2ರಲ್ಲಿ 23 ಲಕ್ಷ ದಾಟಿತು. ಅಂದಿನಿಂದ ಸರಣಿಯ ಮುಖ್ಯ ಆಟಗಳು ಒಂದೇ ಕಂಪನಿಯ ಯಂತ್ರಕ್ಕೆ ಅಂಟಿಕೊಂಡದ್ದಿಲ್ಲ.

ಗುರಿ 70 ಲಕ್ಷ, ಸಿಕ್ಕಿದ್ದು 49 ಲಕ್ಷ

2009ರ ಐದನೆಯ ಆಟ ಹಲವು ಯಂತ್ರಗಳಿಗೆ ಬಂದು ಭರ್ಜರಿ ಯಶಸ್ಸು ಕಂಡಿತು. ಇಬ್ಬರು ಜೊತೆಯಾಗಿ ಆಡುವ, ಗುಂಡಿನ ಚಕಮಕಿಯೇ ಪ್ರಧಾನವಾದ ಆಟವದು. ಕಾಲಕ್ರಮೇಣ ಅದರ ಮಾರಾಟ 80 ಲಕ್ಷವನ್ನೂ ಮೀರಿತು. ಭಯ ಕಡಿಮೆಯಾದಷ್ಟೂ ಗಿರಾಕಿಗಳು ಹೆಚ್ಚಾಗುವರೆಂಬ ತೀರ್ಮಾನಕ್ಕೆ ಬರಲು ಇಷ್ಟು ಸಾಕಾಗಿತ್ತು.

2012ರ ಅಕ್ಟೋಬರ್‌ನಲ್ಲಿ ಬಂದ ಆರನೆಯ ಆಟ ಈ ದಾರಿಯಲ್ಲಿ ಇನ್ನೂ ಮುಂದೆ ಹೋಯಿತು. ಹಲವು ನಾಯಕರು, ಹಲವು ಕಥೆಗಳು, ಹೆಜ್ಜೆಹೆಜ್ಜೆಗೂ ಸ್ಫೋಟ. 2013ರ ಮಾರ್ಚ್ ಅಂತ್ಯದೊಳಗೆ 70 ಲಕ್ಷ ಪ್ರತಿ ಮಾರುವ ಗುರಿಯನ್ನು ಕಂಪನಿ ಹಾಕಿಕೊಂಡಿತ್ತು. ಮೊದಲ ಕಂತಿನಲ್ಲೇ 45 ಲಕ್ಷ ಪ್ರತಿಗಳನ್ನು ಮಳಿಗೆಗಳಿಗೆ ರವಾನಿಸಲಾಯಿತು. ಆದರೆ ಆಟದ ಬಗ್ಗೆ ಅಭಿಪ್ರಾಯ ಒಡೆಯಿತು. ಗುರಿಯನ್ನು 60 ಲಕ್ಷಕ್ಕೆ, ಬಳಿಕ 50 ಲಕ್ಷಕ್ಕೆ ಇಳಿಸಬೇಕಾಯಿತು. ಅಂತಿಮವಾಗಿ ದಾಖಲಾದದ್ದು 49 ಲಕ್ಷ.

ಇಲ್ಲಿ ಓದುಗರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಂಪನಿಗಳು ಬಿಡುಗಡೆಯ ವಾರದಲ್ಲಿ ಘೋಷಿಸುವ ಸಂಖ್ಯೆ ಬಹುತೇಕ ಮಳಿಗೆಗಳಿಗೆ ಕಳುಹಿಸಿದ ಪ್ರತಿಗಳದ್ದು, ಗ್ರಾಹಕರ ಮನೆ ಸೇರಿದ ಪ್ರತಿಗಳದ್ದಲ್ಲ. ಮೊದಲ ಕಂತು ಕಪಾಟಿನಲ್ಲೇ ಉಳಿದರೆ ಎರಡನೆಯ ಕಂತಿಗೆ ಬೇಡಿಕೆ ಬರುವುದಿಲ್ಲ. 45 ಲಕ್ಷದಿಂದ ಆರಂಭವಾದ ಲೆಕ್ಕ ಆರು ತಿಂಗಳಲ್ಲಿ 49 ಲಕ್ಷಕ್ಕೆ ತೆವಳಿದ ಬಗೆ ಇದರಿಂದ ಅರ್ಥವಾಗುತ್ತದೆ.

ಇದೇ ವೇಳೆ ವಿರುದ್ಧ ದಿಕ್ಕಿನಿಂದ ಒಂದು ಸೂಚನೆ ಬಂತು. ಗೇಮ್‌ಕ್ಯೂಬ್‌ನಲ್ಲಿ ಸೊರಗಿದ್ದ 2002ರ ಮರುಸೃಷ್ಟಿಯನ್ನು 2015ರ ಆರಂಭದಲ್ಲಿ ಹೊಸ ಯಂತ್ರಗಳಿಗೆ ಹೊಂದಿಸಿ, ಮುಖ್ಯವಾಗಿ ಅಂತರ್ಜಾಲದ ಮೂಲಕವೇ ಮಾರಲಾಯಿತು. ಕೆಲವೇ ತಿಂಗಳಲ್ಲಿ ಅದು 10 ಲಕ್ಷ ದಾಟಿತು. ಹಳೆಯ ಪಾಳುಬಂಗಲೆಯ ಭಯಕ್ಕೆ ಗಿರಾಕಿಗಳು ಇನ್ನೂ ಉಳಿದಿದ್ದರು.

ಮತ್ತೆ ಭಯದತ್ತ

2017ರ ಜನವರಿ 24ರಂದು ಬಂದ ಏಳನೆಯ ಆಟ ಎಲ್ಲವನ್ನೂ ಕಿರಿದಾಗಿಸಿತು. ಅಮೆರಿಕದ ಲೂಸಿಯಾನಾ ಪ್ರಾಂತ್ಯದ ಒಂದು ಮನೆ, ಒಂದು ವಿಲಕ್ಷಣ ಕುಟುಂಬ, ಹೆಂಡತಿಯನ್ನು ಹುಡುಕಿ ಬಂದ ಒಬ್ಬ ಸಾಮಾನ್ಯ ಮನುಷ್ಯ. ಆಡುವವನು ನಾಯಕನ ಕಣ್ಣಿನಿಂದಲೇ ಎಲ್ಲವನ್ನೂ ನೋಡುತ್ತಾನೆ. ಮಾರ್ಚ್ ಅಂತ್ಯಕ್ಕೆ 40 ಲಕ್ಷದ ಗುರಿಯಿತ್ತು. ಆದದ್ದು 35 ಲಕ್ಷ. ಅಂದಿನ ಲೆಕ್ಕದಲ್ಲಿ ಇದೂ ಗುರಿ ತಪ್ಪಿದ ಆಟವೇ.

ಆದರೆ ಆ ಲೆಕ್ಕ ಕೇವಲ ಎರಡು ತಿಂಗಳದ್ದು. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಆರ್ಥಿಕ ವರ್ಷದ ಗೆರೆ ಷೇರುದಾರರಿಗೆ ಮುಖ್ಯವೇ ಹೊರತು ಆಡುವವರಿಗಲ್ಲ. ಬಾಯಿಂದ ಬಾಯಿಗೆ ಹರಡಿದ ಮೆಚ್ಚುಗೆ ಹಾಗೂ ಆಗಾಗ ಇಳಿದ ಬೆಲೆ ಎರಡೂ ಸೇರಿ ಆಟ ವರ್ಷದಿಂದ ವರ್ಷಕ್ಕೆ ಮಾರಾಟವಾಗುತ್ತಲೇ ಹೋಯಿತು. 2025ರ ವೇಳೆಗೆ ಅದು 1.4 ಕೋಟಿಯನ್ನು ಮೀರಿತ್ತು.

ಮುಂದಿನ ಆಟಗಳೂ ಇದೇ ಹಾದಿ ಹಿಡಿದವು. 2019ರ ಜನವರಿಯಲ್ಲಿ ಬಂದ ಎರಡನೆಯ ಆಟದ ಮರುಸೃಷ್ಟಿ ಮೊದಲ ವಾರದೊಳಗೇ 30 ಲಕ್ಷ ಪ್ರತಿ ರವಾನೆಯಾಗಿ, ಕಾಲಾಂತರದಲ್ಲಿ 1.4 ಕೋಟಿ ದಾಟಿತು. 2021ರ ‘ವಿಲೇಜ್’ ಒಂದು ಕೋಟಿಯ ಗಡಿ ದಾಟಿದೆ. 2023ರ ಮಾರ್ಚ್ 24ರಂದು ಬಿಡುಗಡೆಯಾದ ನಾಲ್ಕನೆಯ ಆಟದ ಮರುಸೃಷ್ಟಿ ಎರಡೇ ದಿನಗಳಲ್ಲಿ 30 ಲಕ್ಷ ಮುಟ್ಟಿ, 2025ರಲ್ಲಿ ಕೋಟಿ ತಲುಪಿತು.

ಹಳೆಯ ಸರಕಿನ ಹೊಸ ಬೆಲೆ

ಈ ಬದಲಾವಣೆಯ ಬೆನ್ನೆಲುಬು ಅಂತರ್ಜಾಲ ಮಾರಾಟ. ಸಿ.ಡಿ. ಯುಗದಲ್ಲಿ ಮಳಿಗೆಯ ಕಪಾಟಿನಲ್ಲಿ ಜಾಗ ಸಿಗುತ್ತಿದ್ದುದು ಹೊಸ ಆಟಗಳಿಗೆ ಮಾತ್ರ; ಹಳೆಯದು ಕೈಯಿಂದ ಕೈಗೆ ಮರುಮಾರಾಟವಾದರೆ ಕಂಪನಿಗೆ ಬಿಡಿಗಾಸೂ ಬರುತ್ತಿರಲಿಲ್ಲ. ಇಂದು ಕ್ಯಾಪ್‌ಕಾಮ್ ಮಾರುವ ಪ್ರತಿಗಳಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಡೌನ್‌ಲೋಡ್ ಮೂಲಕವೇ ಹೋಗುತ್ತವೆ. ಹೊಸ ಆಟದ ಸುದ್ದಿ ಬಂದಾಗಲೆಲ್ಲ ಹಳೆಯ ಆಟಗಳ ಬೆಲೆ ಇಳಿಸಿದರೆ ಹೊಸ ಓದುಗ ಸರಣಿಯ ಹಳೆಯ ಸಂಪುಟಗಳನ್ನು ಕೊಳ್ಳುವಂತೆ ಹೊಸ ಆಟಗಾರನೂ ಹಿಂದಿನದನ್ನೆಲ್ಲ ಕೊಳ್ಳುತ್ತಾನೆ.

ಹಾಗೆಂದು ಪ್ರತಿಗಳ ಸಂಖ್ಯೆಯನ್ನೇ ಆದಾಯವೆಂದು ಭಾವಿಸಲಾಗದು. ಅಮೆರಿಕದಲ್ಲಿ 60 ಡಾಲರ್‌ಗೆ ಬಿಡುಗಡೆಯಾದ ಏಳನೆಯ ಆಟ ಮುಂದೆ ರಿಯಾಯಿತಿಯಲ್ಲಿ ಅದರ ಕಾಲುಭಾಗಕ್ಕೂ ಕಡಿಮೆ ಬೆಲೆಗೆ ದೊರೆತಿದೆ. 2017ರ ಒಂದು ಪ್ರತಿಯೂ ಇಂತಹ ರಿಯಾಯಿತಿಯ ಒಂದು ಪ್ರತಿಯೂ ಪಟ್ಟಿಯಲ್ಲಿ ಸಮಾನವೇ, ಹಣದ ಪೆಟ್ಟಿಗೆಯಲ್ಲಿ ಅಲ್ಲ. ಆದರೆ ಹಳೆಯ ಆಟಕ್ಕೆ ಹೊಸದಾಗಿ ತಯಾರಿಕೆಯ ವೆಚ್ಚವಿಲ್ಲ. ಬಂದದ್ದರಲ್ಲಿ ಬಹುಪಾಲು ಲಾಭವೇ.

ಸ್ವಾರಸ್ಯದ ಸಂಗತಿಯೆಂದರೆ, ಸೋತಿತೆಂದು ಕರೆಸಿಕೊಂಡ ಆರನೆಯ ಆಟವೂ ಇದೇ ಮಾರ್ಗದಲ್ಲಿ 80 ಲಕ್ಷವನ್ನು ಮೀರಿದೆ. ಆದರೂ ಕಂಪನಿ ಮುಂದಿನ ಆಟಗಳಿಗೆ ಅದನ್ನು ಮಾದರಿಯಾಗಿ ಇಟ್ಟುಕೊಳ್ಳಲಿಲ್ಲ. 49 ಲಕ್ಷ ಪ್ರತಿ ಮಾರಾಟವಾದಾಗಲೂ ತಾನು ಏನನ್ನೋ ಕಳೆದುಕೊಂಡೆನೆಂದು ಅರಿತು, 35 ಲಕ್ಷದಲ್ಲಿ ನಿಂತಾಗಲೂ ಹಿಡಿದ ದಾರಿ ಸರಿಯೆಂದು ನಂಬಿದ್ದರಿಂದಲೇ ಸರಣಿ ಉಳಿಯಿತು. ಭಯವನ್ನು ಬಯಸಿ ಬಂದ ಗಿರಾಕಿಗೆ ಭಯವನ್ನೇ ಕೊಡಬೇಕೆಂಬ ವ್ಯಾಪಾರದ ಹಳೆಯ ನಿಯಮವನ್ನು ಮತ್ತೆ ಕಲಿಯಲು ಕ್ಯಾಪ್‌ಕಾಮ್‌ಗೆ ಎರಡು ದಶಕಗಳೇ ಬೇಕಾದವು.