ರಕ್ತಕಣಗಳ ಲೆಕ್ಕಾಚಾರ

ಮಳೆಗಾಲ ಮುಗಿಯುತ್ತ ಬಂದಂತೆ ಮುಂಬಯಿ, ಪುಣೆ, ದೆಹಲಿಗಳಂಥ ನಗರಗಳಲ್ಲಿ ಡೆಂಗೀ ಜ್ವರ ತಲೆಯೆತ್ತುತ್ತದೆ. ರೋಗಿಯ ಮನೆಯವರ ಬಾಯಲ್ಲಿ ಆಗ ಒಂದೇ ಪ್ರಶ್ನೆ: “ಇಂದು ಪ್ಲೇಟ್‌ಲೆಟ್ ಎಷ್ಟು?” ನಿನ್ನೆ 42,000 ಇದ್ದುದು ಇಂದು 38,000 ಆಯಿತೆಂದರೆ ಮನೆಮಂದಿಯ ಎದೆ ನಡುಗುತ್ತದೆ. ಆದರೆ ಈ ಸಂಖ್ಯೆ ದೊರೆಯುವ ಬಗೆಯನ್ನರಿತವರು ಅಷ್ಟು ಬೇಗನೆ ಧೃತಿಗೆಡಲಾರರು.

ಕಣಗಳಿಂದ ಕಿಕ್ಕಿರಿದ ರಕ್ತವನ್ನು ಇದ್ದಂತೆಯೇ ಎಣಿಸಲಾಗದು. ಆದುದರಿಂದ 0.02 ಮಿ.ಲೀ. ರಕ್ತವನ್ನು 1.98 ಮಿ.ಲೀ. ಅಮೋನಿಯಂ ಆಕ್ಸಲೇಟ್ ದ್ರಾವಣದಲ್ಲಿ ಬೆರೆಸುತ್ತಾರೆ. ಕೆಂಪು ಕಣಗಳು ಒಡೆದುಹೋಗಿ ಪ್ಲೇಟ್‌ಲೆಟ್‌ಗಳು ಉಳಿಯುತ್ತವೆ. ರಕ್ತ ನೂರು ಪಟ್ಟು ತೆಳುವಾಗುತ್ತದೆ. ಗೆರೆ ಕೊರೆದ ನ್ಯೂಬಾಯರ್ ಚೇಂಬರಿನಲ್ಲಿ ಇದನ್ನು ತುಂಬಿ, ಕಣಗಳು ತಳಕ್ಕಿಳಿಯುವವರೆಗೆ ಸುಮಾರು 20 ನಿಮಿಷ ಕಾದು, ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ನಡುವಣ ಚೌಕದ ಉದ್ದ, ಅಗಲ ತಲಾ 1 ಮಿ.ಮೀ., ಆಳ 0.1 ಮಿ.ಮೀ.; ಅಂದರೆ ಗಾತ್ರ 0.1 ಘನ ಮಿ.ಮೀ. ಅಲ್ಲಿ 42 ಕಣಗಳು ಕಂಡರೆ, ಅದನ್ನು 100ರಿಂದ ಗುಣಿಸಿ 0.1ರಿಂದ ಭಾಗಿಸಬೇಕು. ಒಂದು ಘನ ಮಿ.ಮೀ. ರಕ್ತದಲ್ಲಿ 42,000 ಎಂಬ ಉತ್ತರ ಬರುತ್ತದೆ.

ಹೀಗೆ ಕಣ್ಣಿಗೆ ಬಿದ್ದ ಒಂದೊಂದು ಕಣವೂ ವರದಿಯಲ್ಲಿ ಸಾವಿರವಾಗುತ್ತದೆ. ರಕ್ತವು 0.02ರ ಬದಲು 0.018 ಮಿ.ಲೀ. ಬಿದ್ದರೂ ಸಾಕು, 42,000 ಇರಬೇಕಾದುದು 38,000ದ ಸಮೀಪಕ್ಕೆ ಇಳಿಯುತ್ತದೆ. ಅಳತೆ ಚಾಚೂ ತಪ್ಪದಿದ್ದರೂ ಎಲ್ಲ ಹನಿಗಳಲ್ಲಿ ಕಣಗಳು ಸಮನಾಗಿರವು. ಎಣಿಸಿದ ಸಂಖ್ಯೆಯ ವರ್ಗಮೂಲದಷ್ಟು ಏರಿಳಿತ ಸಹಜವೆನ್ನುತ್ತದೆ ಸಂಖ್ಯಾಶಾಸ್ತ್ರ. 42ರ ವರ್ಗಮೂಲ ಸುಮಾರು 6.5. ಆದುದರಿಂದ ನಾಲ್ಕು ಸಾವಿರದ ಇಳಿತ ನಿಜವಾದ ಇಳಿತವೇ ಆಗಿರಬೇಕೆಂದಿಲ್ಲ. ಹೆಚ್ಚು ಚೌಕಗಳನ್ನು ಎಣಿಸಿದಷ್ಟೂ ಲೆಕ್ಕ ಭದ್ರವಾಗುತ್ತದೆ.

ದೊಡ್ಡ ಪ್ರಯೋಗಾಲಯಗಳಲ್ಲಿ ಇಂದು ಯಂತ್ರಗಳೇ ಎಣಿಸುತ್ತವೆ. ಕಿರುರಂಧ್ರದಲ್ಲಿ ಕಣವೊಂದು ಹಾಯುವಾಗ ವಿದ್ಯುತ್ತಿನಲ್ಲಾಗುವ ವ್ಯತ್ಯಾಸವನ್ನು ಗುರುತಿಸುವ ತತ್ತ್ವಕ್ಕೆ ವ್ಯಾಲೇಸ್ ಕೌಲ್ಟರ್ 1953ರಲ್ಲಿ ಪೇಟೆಂಟ್ ಪಡೆದರು. ಸಾವಿರಾರು ಕಣಗಳನ್ನು ಎಣಿಸುವುದರಿಂದ ಯಂತ್ರದ ಲೆಕ್ಕದಲ್ಲಿ ಏರಿಳಿತ ಕಡಿಮೆ. ಆದರೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾದರೆ ಯಂತ್ರವೂ ಮೋಸಹೋಗುತ್ತದೆ. ಆಗ ಗಾಜಿನ ಮೇಲೆ ಸವರಿದ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಅನುಭವಿಯ ಕಣ್ಣೇ ಗತಿ.

ಒಂದೇ ಬಾಬನ್ನು ನೋಡಿ ಇಡೀ ಜಮಾಖರ್ಚನ್ನು ನಿರ್ಣಯಿಸಲಾಗದು. ವೈದ್ಯರೂ ಒಂದೇ ಸಂಖ್ಯೆಯನ್ನು ನೆಚ್ಚುವುದಿಲ್ಲ. ರಕ್ತಸ್ರಾವ, ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಕುಸಿಯುವ ರಕ್ತದೊತ್ತಡ, ರಕ್ತ ಗಟ್ಟಿಯಾಗುತ್ತಿರುವ ಸೂಚನೆ ಇವುಗಳತ್ತ ಅವರ ಗಮನವಿರುತ್ತದೆ. ಮನೆಯವರೂ ವರದಿಯ ಕಾಗದಕ್ಕಿಂತ ಮಿಗಿಲಾಗಿ ಹಾಸಿಗೆಯ ಮೇಲಿರುವ ರೋಗಿಯನ್ನು ಗಮನಿಸುವುದು ಶ್ರೇಯಸ್ಕರ.